ಸ್ವಿಚ್‌ಗೊಂದು ಕಡಿವಾಣ: ಸ್ಟಾರ್ಮ್ ಕಂಟ್ರೋಲ್ ಅಂದ್ರೇನು?

ಹಾಸ್ಟೆಲ್‌ನಲ್ಲಿ ನೆಟ್ ಹೋದರೆ ನಾವೆಲ್ಲ ಮೊದಲು ಬೈಯೋದು ಇಂಟರ್ನೆಟ್ ಕೊಡುವ ಕಂಪನಿಯನ್ನ. ಆದರೆ ಕೆಲವೊಮ್ಮೆ ಕಾರಣ ನಮ್ಮ ಪಕ್ಕದ ರೂಮಲ್ಲೇ ಇರುತ್ತದೆ. ಒಂದು ಮೀಟರ್ ಕೇಬಲ್ ಸಾಕು, ಇಡೀ ಬ್ಲಾಕ್ ಮಲಗಿಬಿಡುತ್ತೆ. ಹೇಗೆ ಅಂತ ನೋಡೋಣ.

ಯಾವ ಮ್ಯಾಕ್ ಅಡ್ರೆಸ್ ಯಾವ ಪೋರ್ಟ್‌ನಲ್ಲಿದೆ ಎಂದು ಸ್ವಿಚ್ ನೆನಪಿಟ್ಟುಕೊಂಡು, ಫ್ರೇಮನ್ನು ಅಲ್ಲಿಗೆ ಮಾತ್ರ ಕಳಿಸುತ್ತದೆ. ಬ್ರಾಡ್‌ಕಾಸ್ಟ್ ಹಾಗಲ್ಲ. ಮದುವೆ ಮನೆಯಲ್ಲಿ ಮೈಕ್ ಹಿಡಿದು "ಬಿಳಿ ಕಾರು ಯಾರದ್ರೀ, ಸ್ವಲ್ಪ ತೆಗೀರಿ" ಅಂದ ಹಾಗೆ. ಕಾರು ಒಬ್ಬರದ್ದೇ, ಆದರೆ ಊಟ ಬಿಟ್ಟು ಎಲ್ಲರೂ ಕಿವಿಗೊಡಬೇಕು. "ಈ ಐಪಿ ಯಾರದು?" ಎಂದು ಕೇಳುವ ಎಆರ್‌ಪಿ, ಹೊಸ ಲ್ಯಾಪ್‌ಟಾಪ್‌ಗೆ ವಿಳಾಸ ಹುಡುಕುವ ಡಿಎಚ್‌ಸಿಪಿ, ಎರಡೂ ಹೀಗೇ ಕೂಗೋದು.

ಈಗ ಯಾರೋ ಪುಟ್ಟ ಸ್ವಿಚ್ ತಂದು, ಒಂದೇ ಕೇಬಲ್‌ನ ಎರಡೂ ತುದಿಯನ್ನು ಅದಕ್ಕೇ ಚುಚ್ಚಿದರು ಅಂದುಕೊಳ್ಳಿ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಇದೆ. ಸುತ್ತಿ ಸುತ್ತಿ ಕೊನೆಗೆ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ಗೆ ಅದಿಲ್ಲ. ಒಂದು ಕೂಗು ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಎಲ್ಲ ಪೋರ್ಟ್‌ಗೂ ಪ್ರತಿ ಹೋಗುತ್ತದೆ. ಇದೇ ಬ್ರಾಡ್‌ಕಾಸ್ಟ್ ಸ್ಟಾರ್ಮ್.

ಲೂಪ್ ತಡೆಯಲೆಂದೇ ರಾಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ರೂಪಿಸಿದರು. ಆದರೆ ಕೆಲವು ಅಗ್ಗದ ಸ್ವಿಚ್‌ಗಳು ಅದರ ಸಂದೇಶಗಳನ್ನೇ ನುಂಗಿಬಿಡುತ್ತವೆ. ನೆಟ್‌ವರ್ಕ್ ಅಡ್ಡಾದಿಡ್ಡಿ ಬೆಳೆದರೂ ಅದು ಕೈಕೊಡಬಹುದು. 2002ರ ನವೆಂಬರ್‌ನಲ್ಲಿ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಹಾಗೇ ಆಯ್ತು. ದಿನಗಟ್ಟಲೆ ನೆಟ್‌ವರ್ಕ್ ಇಲ್ಲದೆ ವೈದ್ಯರು ಮತ್ತೆ ಕಾಗದ ಹಿಡಿಯಬೇಕಾಯಿತು.

ಅದಕ್ಕೇ ಎರಡನೇ ಕಾವಲು ಬೇಕು: ಸ್ಟಾರ್ಮ್ ಕಂಟ್ರೋಲ್. ಪೋರ್ಟ್ ಒಳಗೆ ಬರುವ ಬ್ರಾಡ್‌ಕಾಸ್ಟನ್ನು ಸ್ವಿಚ್ ಕ್ಷಣಕ್ಷಣಕ್ಕೂ ಅಳೆಯುತ್ತದೆ. ನಾವು ಕೊಟ್ಟ ಮಿತಿ ದಾಟಿದರೆ ಹೆಚ್ಚಿನದ್ದನ್ನು ಬಿಸಾಡುತ್ತದೆ. ಹೇಳಿಟ್ಟಿದ್ದರೆ ಪೋರ್ಟನ್ನೇ ಮುಚ್ಚುತ್ತದೆ. ಸಿಸ್ಕೋ ಸ್ವಿಚ್‌ನಲ್ಲಿ "ಸ್ಟಾರ್ಮ್-ಕಂಟ್ರೋಲ್ ಬ್ರಾಡ್‌ಕಾಸ್ಟ್ ಲೆವೆಲ್ 5" ಎಂದು ಬರೆದರೆ ಮಿತಿ ಪೋರ್ಟ್ ವೇಗದ ಶೇ. 5.

ಶೇ. 5 ಅಂದ್ರೆ ಕಮ್ಮಿ ಅನ್ಸುತ್ತೆ ಅಲ್ವಾ? ಲೆಕ್ಕ ಹಾಕಿ. 1 ಗಿಗಾಬಿಟ್ ಪೋರ್ಟ್‌ನಲ್ಲಿ 64 ಬೈಟ್‌ನ ಫ್ರೇಮ್‌ಗಳು ಸೆಕೆಂಡಿಗೆ ಸುಮಾರು 14.88 ಲಕ್ಷ ಹೋಗಬಲ್ಲವು. ಅದರ ಶೇ. 5 ಅಂದರೆ 74 ಸಾವಿರಕ್ಕೂ ಹೆಚ್ಚು! ಕೇಬಲ್‌ಗೆ ಇದು ಏನೂ ಅಲ್ಲ, ಆದರೆ ಒಂದೊಂದನ್ನೂ ನೋಡಬೇಕಾದ ಸಣ್ಣ ಪ್ರಿಂಟರ್‌ನ ಪ್ರೊಸೆಸರ್ ಗತಿ? ಅದಕ್ಕೇ ಹಲವು ಸ್ವಿಚ್‌ಗಳಲ್ಲಿ ಸೆಕೆಂಡಿಗೆ ಇಷ್ಟೇ ಪ್ಯಾಕೆಟ್ ಎಂದೂ ಮಿತಿ ಹಾಕಬಹುದು.

ಹಾಗಂತ ತೀರಾ ಬಿಗಿ ಮಾಡಿದರೂ ಕಷ್ಟ. ಸ್ಟಾರ್ಮ್ ಕಂಟ್ರೋಲ್ ಎಣಿಸುತ್ತದೆ ಅಷ್ಟೇ, ಒಳ್ಳೆಯ ಕೂಗು ಯಾವುದು, ಕೆಟ್ಟದ್ದು ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ 9ಕ್ಕೆ ಲ್ಯಾಬಿನ ಅಷ್ಟೂ ಕಂಪ್ಯೂಟರ್ ಒಟ್ಟಿಗೆ ಆನ್ ಆದಾಗ ನಿಜವಾದ ಡಿಎಚ್‌ಸಿಪಿ ಕೂಗೂ ಕಸವಾಗಿ ಹೋಗಬಹುದು. ಮಲ್ಟಿಕಾಸ್ಟ್‌ನಲ್ಲಿ ಇನ್ನೂ ಹುಷಾರಾಗಿರಬೇಕು: ಐಪಿವಿ6ನಲ್ಲಿ ಬ್ರಾಡ್‌ಕಾಸ್ಟೇ ಇಲ್ಲ, ಪಕ್ಕದವರನ್ನು ಹುಡುಕುವುದೂ ಮಲ್ಟಿಕಾಸ್ಟ್‌ನಲ್ಲೇ. ವಿಡಿಯೊ ಸ್ಟ್ರೀಮ್‌ಗಳು ಎಲ್ಲ ಪೋರ್ಟ್‌ಗೂ ಹರಿಯುತ್ತಿದ್ದರೆ ಅದಕ್ಕೆ ಸರಿಯಾದ ಮದ್ದು ಐಜಿಎಂಪಿ ಸ್ನೂಪಿಂಗ್. ಕೇಳಿದವರ ಪೋರ್ಟ್‌ಗೆ ಮಾತ್ರ ಅದು ಕಳಿಸುತ್ತದೆ.

ಹಾಗಾಗಿ ಅಂಕಿಯನ್ನು ಪಕ್ಕದವರಿಂದ ಕಾಪಿ ಮಾಡಬೇಡಿ. ಒಂದು ವಾರ ಮಾಮೂಲಿ ಟ್ರಾಫಿಕ್ ಅಳೆದು, ಅತಿ ಹೆಚ್ಚು ಬಂದದ್ದಕ್ಕಿಂತ ಸ್ವಲ್ಪ ಮೇಲೆ ಮಿತಿ ಇಡಿ. ಇನ್ನೊಂದು ಮಾತು: ಇದು ಮನೆಯ ಫ್ಯೂಸ್ ಇದ್ದಂತೆ. ಫ್ಯೂಸ್ ಹೋದಾಗ ಬರೀ ತಂತಿ ಬದಲಿಸಿ ಸುಮ್ಮನಾದರೆ ಶಾರ್ಟ್ ಅಲ್ಲೇ ಇರುತ್ತೆ. ಪೋರ್ಟ್ ಮುಚ್ಚಿಕೊಂಡರೆ ಲಾಗ್ ನೋಡಿ, ಆ ಕೇಬಲ್ ಹಿಡಿದು ಹೋಗಿ, ಲೂಪ್ ಬಿಚ್ಚಿ.