ಬೀದಿಯ ಮರ ಮಾಡುವ ಕೆಲಸ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬಸವನಗುಡಿಯ ಬಯಲು ರಸ್ತೆಯೊಂದರಿಂದ ಸಾಲುಮರಗಳ ರಸ್ತೆಗೆ ತಿರುಗಿದವರಿಗೆ ನಾಲ್ಕೇ ಹೆಜ್ಜೆಗಳಲ್ಲಿ ಬೇರೊಂದು ಊರನ್ನು ಹೊಕ್ಕಂತೆ ಆಗುವುದುಂಟು. ಇದು ಬರಿಯ ಭ್ರಮೆಯೋ, ಅಳೆದು ತೋರಿಸಬಹುದಾದ ಸಂಗತಿಯೋ?

ಅಳೆದವರಿದ್ದಾರೆ. ಹರಿಣಿ ನಾಗೇಂದ್ರ ಅವರೂ ಅವರ ಸಂಗಡಿಗರೂ ಬೆಂಗಳೂರಿನ ರಸ್ತೆಗಳಲ್ಲಿ ಮರವುಳ್ಳ ಭಾಗಗಳನ್ನು ಮರವಿಲ್ಲದ ಭಾಗಗಳೊಡನೆ ಹೋಲಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮರಗಳಿದ್ದೆಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆಯಿತ್ತು. ರಸ್ತೆಯ ಮೇಲ್ಮೈಯ ಉಷ್ಣತೆಯಂತೂ 27.5 ಡಿಗ್ರಿವರೆಗೆ! ಗಂಧಕದ ಡೈ ಆಕ್ಸೈಡ್ ಅನಿಲವು ಶೇಕಡ 65ರವರೆಗೆ ಇಳಿದಿತ್ತು. ಇವು ಗರಿಷ್ಠ ಅಂಕೆಗಳೆಂಬುದನ್ನು ವಾಚಕರು ಮರೆಯಬಾರದು.

ನೆರಳು ಈ ತಂಪಿನ ಒಂದು ಕಾರಣ ಮಾತ್ರ. ಬೇರು ಹೀರಿದ ನೀರು ಎಲೆಗಳ ಪತ್ರರಂಧ್ರಗಳಿಂದ ಆವಿಯಾಗಿ ಹೊರಬೀಳುತ್ತದೆ, ಇದೇ ಬಾಷ್ಪವಿಸರ್ಜನೆ. ಒಂದು ಲೀಟರ್ ನೀರು ಆವಿಯಾಗಲು, ಸಾವಿರ ವಾಟಿನ ವಿದ್ಯುತ್ ಒಲೆ ಸುಮಾರು 40 ನಿಮಿಷ ಉರಿದು ಕೊಡುವಷ್ಟು ಶಾಖ ಬೇಕು. ಮರವು ಆ ಶಾಖವನ್ನು ಬಿಸಿಲಿನಿಂದಲೂ ಸುತ್ತಣ ಗಾಳಿಯಿಂದಲೂ ಸೆಳೆದುಕೊಳ್ಳುತ್ತದೆ. ಎಲೆಗಳ ಮೇಲೆ ಧೂಳೂ ಕೂರುತ್ತದೆ. ಮಳೆ ಬಂದಾಗ, ನಮ್ಮ ಮೂಗಿಗೆ ಸೇರಬೇಕಾಗಿದ್ದ ಧೂಳು ಮೋರಿಗೆ ಹೋಗುತ್ತದೆ. ಆದರೆ ಇಕ್ಕಟ್ಟಾದ ಬೀದಿಯ ಮೇಲೆ ಕೊಂಬೆಗಳು ಚಪ್ಪರದಂತೆ ದಟ್ಟವಾಗಿ ಕೂಡಿದರೆ, ವಾಹನಗಳ ಹೊಗೆ ಮೇಲೇರದೆ ಕೆಳಗೇ ಉಳಿಯಲೂಬಹುದು. ಹೊಗೆಯನ್ನು ಹುಟ್ಟಿದಲ್ಲಿಯೇ ತಡೆಯುವುದಕ್ಕೆ ಮರವು ಬದಲಿಯಲ್ಲ.

ಹಳೆಯ ಬಡಾವಣೆಗಳಲ್ಲಿ ಮರಗಳಿಗೆ ಎಡೆ ದೊರೆತದ್ದರ ಹಿಂದೆ ರೋಗದ ಭಯವೂ ಇತ್ತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ಹಾವಳಿಯ ಬಳಿಕ, ಗಾಳಿ ಬೆಳಕು ಆಡುವಂತೆ ಅಗಲವಾದ ನೇರ ರಸ್ತೆಗಳೊಡನೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರು, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದರು.

ಈಗ ಆ ಮರಗಳ ಬುಡವನ್ನು ನೋಡಬೇಕು. ಕಾಂಡಕ್ಕೆ ಒತ್ತಿಕೊಂಡೇ ಕಾಂಕ್ರೀಟು, ಮಗ್ಗುಲಲ್ಲಿ ಕೊಳವೆಗೋ ತಂತಿಗೋ ತೋಡಿದ ಕಾಲುವೆ. ಬೇರಿಗೂ ಉಸಿರಾಟವುಂಟು, ಮಣ್ಣಿನ ಸಂದುಗಳಲ್ಲಿ ಗಾಳಿಯಿಲ್ಲದಿದ್ದರೆ ಅದು ಕೊಳೆಯುತ್ತದೆ. ಮಳೆಮರವು ಸಂಜೆಯಲ್ಲಿಯೂ ಮೋಡ ಕವಿದಾಗಲೂ ತನ್ನ ಕಿರುಎಲೆಗಳನ್ನು ಮಡಿಸಿಕೊಳ್ಳುತ್ತದೆ. ಹಾಗೆ ಮಡಿಸಿದಾಗ ಬೀಳುವ ಹನಿ ನೇರವಾಗಿ ಬುಡಕ್ಕೆ ಇಳಿಯುತ್ತದೆ, ಇಳಿಯಲು ಮಣ್ಣಿದ್ದರೆ! ಬೇರು ಕಡಿಸಿಕೊಂಡ ಮರ ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಉರುಳಿದಾಗ, ಜನ ಮರವನ್ನು ದೂರುತ್ತಾರೆ. ಕಾಲುವೆ ತೋಡಿದ ದಿನವನ್ನು ಯಾರೂ ನೆನೆಯುವುದಿಲ್ಲ. ಸಸಿ ನೆಡುವ ಉತ್ಸಾಹದ ಅರ್ಧದಷ್ಟನ್ನಾದರೂ, ಇರುವ ಮರದ ಸುತ್ತ ಒಂದು ಮೀಟರ್ ಮಣ್ಣನ್ನು ತೆರೆದಿಡುವುದಕ್ಕೆ ವ್ಯಯಿಸಿದರೆ ಲಾಭ ಹೆಚ್ಚೆಂದು ನಮಗೆ ತೋರುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಎರಡು ಉಷ್ಣಮಾಪಕಗಳನ್ನು ಮೊದಲು ಒಂದೇ ಕಡೆ ಇಟ್ಟು, ಎರಡೂ ಒಂದೇ ಅಂಕೆ ತೋರುವುದನ್ನು ಖಚಿತಪಡಿಸಿಕೊಳ್ಳಿರಿ. ಬಳಿಕ ಒಂದನ್ನು ದೊಡ್ಡ ಮರದ ನೆರಳಿನಲ್ಲಿ, ಇನ್ನೊಂದನ್ನು ಗೋಡೆಯ ನೆರಳಿನಲ್ಲಿ, ನೆಲದಿಂದ ಒಂದೇ ಎತ್ತರದಲ್ಲಿ ತೂಗಹಾಕಿರಿ. ಬಿಸಿಲು ಯಾವುದರ ಬುರುಡೆಗೂ ತಾಗಕೂಡದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹತ್ತು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳಿರಿ. ಬುಡಕ್ಕೆ ಕಾಂಕ್ರೀಟು ಬಿದ್ದ ಮರದ ಕೆಳಗೆ ಮಾರನೆಯ ದಿನ ಇದನ್ನೇ ಮತ್ತೆ ಮಾಡಿ ನೋಡಿರಿ.