ತೂಕದ ಲೆಕ್ಕ, ತಟ್ಟೆಯ ಗುಣ

ಮೈ ಇಳಿಸಹೊರಟವರಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಅನ್ನವನ್ನು ಬಿಟ್ಟು ಜೋಳದ ರೊಟ್ಟಿಯನ್ನು ಹಿಡಿಯುವುದು. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಡೆಯ ಜನರಿಗೆ ರೊಟ್ಟಿ ತಲತಲಾಂತರದ ಊಟ. ನಗರವಾಸಿಗಳಿಗೆ ಅದೇ ಇಂದು ಔಷಧವೆನಿಸಿದೆ. ಆದರೆ ರೊಟ್ಟಿ ತಿಂದ ಮಾತ್ರಕ್ಕೆ ಮೈ ಕರಗೀತೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ನೋಡಿದರೆ ಸಂದೇಹವುಂಟಾಗುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 335 ಕ್ಯಾಲೊರಿ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 355. ಅಂತರ ಅತ್ಯಲ್ಪ. ರೊಟ್ಟಿಯೊಡನೆ ಬಡಿಸುವ ಹಿಂಡಿಯ ಶೇಂಗಾದಲ್ಲಾದರೋ 100 ಗ್ರಾಮಿಗೆ 500ಕ್ಕೂ ಮಿಗಿಲು! ಎಣ್ಣೆಯ ಒಂದೊಂದು ಗ್ರಾಮಿಗೂ 9.

ದೇಹ ವ್ಯಯಿಸುವುದಕ್ಕಿಂತ ಕಡಿಮೆ ಶಕ್ತಿ ಒಳಸೇರಿದರೆ ಮಾತ್ರ ಸಂಚಿತ ಕೊಬ್ಬು ಕರಗುವುದು. ಅಮೆರಿಕದ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾನಿಲಯದ ಪೋಷಣಶಾಸ್ತ್ರದ ಪ್ರಾಧ್ಯಾಪಕ ಮಾರ್ಕ್ ಹಾಬ್ 2010ರಲ್ಲಿ ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಿದರು. ಬಹುಪಾಲು ಸಿಹಿ ಕೇಕು, ತಿಂಡಿಗಳನ್ನೇ ತಿಂದು, ದಿನಕ್ಕೆ 1800 ಕ್ಯಾಲೊರಿಯ ಮಿತಿಯಲ್ಲಿದ್ದು, 10 ವಾರಗಳಲ್ಲಿ ಸುಮಾರು 12 ಕಿಲೋ ಇಳಿದರು.

ಹಾಗಾದರೆ ಆಹಾರದ ಗುಣಕ್ಕೆ ಬೆಲೆಯೇ ಇಲ್ಲವೇ? ಉಂಟು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧಾಹಾರವನ್ನೂ, ಎರಡು ವಾರ ಸಹಜ ಪದಾರ್ಥಗಳ ಅಡುಗೆಯನ್ನೂ ನೀಡಿ, ಬೇಕಾದಷ್ಟು ಉಣ್ಣಲು ಬಿಟ್ಟರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಿದ್ಧಾಹಾರದ ದಿನಗಳಲ್ಲಿ ಅವರು ನಿತ್ಯ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದು, ಸುಮಾರು ಒಂದು ಕಿಲೋ ಏರಿದ್ದರು, ಸಹಜಾಹಾರದಲ್ಲಿ ಅಷ್ಟೇ ಇಳಿದಿದ್ದರು.

ಎಂದರೆ, ತೂಕವನ್ನು ನಿರ್ಣಯಿಸುವುದು ಲೆಕ್ಕ. ಆ ಲೆಕ್ಕವನ್ನು ಹಸಿವಿನ ಸಂಕಟವಿಲ್ಲದೆ ನಡೆಸಿಕೊಡುವುದು ಗುಣ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರುಂಟು. ಬಿಳಿ ಅಕ್ಕಿಯಲ್ಲಿ ಮೂರೂ ಇಲ್ಲ. ಕಲಬುರಗಿಯ ತೊಗರಿಬೇಳೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಧಾನ್ಯ. ಅದರಲ್ಲಿ ಐದನೆಯ ಒಂದು ಭಾಗಕ್ಕೂ ಮಿಗಿಲು ಪ್ರೋಟೀನು. ನಾರು, ಪ್ರೋಟೀನು ಕೂಡಿದ ಊಟ ಬೇಗ ತೃಪ್ತಿ ನೀಡುತ್ತದೆ, ಬೇಗ ಹಸಿವಾಗಗೊಡದು.

ಆದ್ದರಿಂದ ಗೃಹಿಣಿಯರು ಅನ್ನವನ್ನು ದೂಷಿಸಬೇಕಿಲ್ಲ, ರೊಟ್ಟಿಯನ್ನು ಪೂಜಿಸಬೇಕಿಲ್ಲ. ರೊಟ್ಟಿಯನ್ನು ಎಣಿಸಿ ಹಾಕಿಕೊಳ್ಳಿ. ಪುಂಡಿಪಲ್ಯವನ್ನೂ ಬೇಳೆಯನ್ನೂ ಧಾರಾಳವಾಗಿ ಬಡಿಸಿ. ಎಣ್ಣೆಯನ್ನೂ ಹಿಂಡಿಯನ್ನೂ ಚಮಚದಲ್ಲಿ ಅಳೆಯಿರಿ. ಸಕ್ಕರೆ ಕಾಯಿಲೆಗೆ ಮದ್ದು ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಉಳಿದವರಿಗೂ ಉಪವಾಸದ ಆತುರ ಬೇಡ. ವರ್ಷವಿಡೀ ನಡೆಸಬಲ್ಲ ಊಟವನ್ನೇ ಆರಿಸಿಕೊಳ್ಳುವುದು ಲೇಸು.