ಸ್ವದೇಶದಲ್ಲಿ ಷೇರು, ಪರದೇಶದಲ್ಲಿ ರಸೀದಿ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆ. ಬಂಡೆಯನ್ನು ಯಾರೂ ಹೊತ್ತೊಯ್ಯಲಾರರು. ಆದರೆ ಅದರ ಮೇಲೆ ಒದ್ದೆ ಕಾಗದವನ್ನೊತ್ತಿ ತೆಗೆದ ಪಡಿಯಚ್ಚು ಎಷ್ಟು ದೂರಕ್ಕಾದರೂ ಹೋಗಬಲ್ಲುದು. ಕಂಪನಿಯೊಂದರ ಷೇರು ಸ್ವದೇಶದಲ್ಲೇ ಉಳಿದು, ಅದರ ಪ್ರತಿನಿಧಿ ಮಾತ್ರ ಪರದೇಶದ ಪೇಟೆಯಲ್ಲಿ ಮಾರಾಟವಾಗುವ ಏರ್ಪಾಡೂ ಇಂಥದೇ. ಆ ಪ್ರತಿನಿಧಿಗೆ ಠೇವಣಿ ರಸೀದಿ ಎಂದು ಹೆಸರು. ಬ್ರಿಟನ್ನಿನ ಸೆಲ್ಫ್‌ರಿಜ್ ಕಂಪನಿಯ ಷೇರುಗಳಿಗಾಗಿ ೧೯೨೭ರಲ್ಲಿ ಅಮೆರಿಕೆಯಲ್ಲಿ ಇದು ಮೊದಲು ಹೊರಟಿತು.

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು ೧೯೯೯ರ ಮಾರ್ಚ್ ತಿಂಗಳಲ್ಲಿ ಅಮೆರಿಕೆಯ ನಾಸ್‌ಡ್ಯಾಕ್ ಪೇಟೆಯನ್ನು ಪ್ರವೇಶಿಸಿತು. ಭಾರತದ ಕಂಪನಿಗಳಲ್ಲಿ ಅಲ್ಲಿಗೆ ಹೋದುದು ಅದೇ ಮೊದಲು. ಷೇರುಗಳನ್ನು ಭಾರತದ ಬ್ಯಾಂಕೊಂದರ ವಶದಲ್ಲಿರಿಸಿ, ಅವುಗಳ ಆಧಾರದ ಮೇಲೆ ಅಮೆರಿಕೆಯ ಬ್ಯಾಂಕು ರಸೀದಿಗಳನ್ನು ಹೊರಡಿಸಿತು. ಆಗ ಒಂದು ರಸೀದಿಯು ಅರ್ಧ ಷೇರಿಗೆ ಸಮ. ಬೆಲೆ ೩೪ ಡಾಲರು. ರೂಪಾಯಿಯಲ್ಲಿ ಬರುವ ಲಾಭಾಂಶವನ್ನು ಬ್ಯಾಂಕು ಡಾಲರಿಗೆ ಪರಿವರ್ತಿಸಿ, ತನ್ನ ಶುಲ್ಕವನ್ನು ಕಳೆದು, ರಸೀದಿದಾರನಿಗೆ ತಲುಪಿಸುತ್ತದೆ. ಆದರೆ ಪಡಿಯಚ್ಚಿಗೂ ರಸೀದಿಗೂ ಒಂದು ಮುಖ್ಯ ಭೇದವುಂಟು. ಪಡಿಯಚ್ಚುಗಳನ್ನು ಬೇಕಾದಷ್ಟು ತೆಗೆಯಬಹುದು. ರಸೀದಿಗಳಾದರೋ ಠೇವಣಿಯಿಟ್ಟ ಷೇರುಗಳ ಲೆಕ್ಕವನ್ನು ಮೀರುವಂತಿಲ್ಲ.

ಹಾಗಾದರೆ ಎರಡು ಪೇಟೆಗಳಲ್ಲಿಯೂ ಬೆಲೆ ಒಂದೇ ಆಗಿರಬೇಕಲ್ಲವೆ? ತಳದಲ್ಲಿ ಕೊಳವೆಯಿಂದ ಕೂಡಿಸಿದ ಎರಡು ಪಾತ್ರೆಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವುದನ್ನು ನಾವು ಬಲ್ಲೆವು. ಇಲ್ಲಿ ಹರಿಯುವುದು ಷೇರು; ಅಗ್ಗವಾದ ಕಡೆಯಿಂದ ದುಬಾರಿಯಾದ ಕಡೆಗೆ ಹರಿದು ಬೆಲೆಗಳನ್ನು ಸಮಗೊಳಿಸುತ್ತದೆ. ಆದರೆ ಆ ಕಾಲದಲ್ಲಿ ಕೊಳವೆಗೆ ಒಂದೇ ಕಡೆ ತೆರೆಯುವ ಕವಾಟವಿತ್ತು. ರಸೀದಿಯನ್ನು ರದ್ದುಮಾಡಿ ಷೇರು ಪಡೆಯಬಹುದಾಗಿತ್ತು. ಭಾರತದ ಪೇಟೆಯಲ್ಲಿ ಷೇರು ಕೊಂಡು ರಸೀದಿಯಾಗಿಸುವಂತಿರಲಿಲ್ಲ. ಆದುದರಿಂದಲೇ ಅಮೆರಿಕೆಯಲ್ಲಿ ಬೆಲೆ ಬಹಳ ಮೇಲೆಯೇ ನಿಂತಿತು. ೨೦೦೨ರಲ್ಲಿ ರಿಸರ್ವ್ ಬ್ಯಾಂಕು ಈ ಕವಾಟವನ್ನು ಸ್ವಲ್ಪ ಸಡಿಲಿಸಿ, ರದ್ದಾದಷ್ಟು ರಸೀದಿಗಳನ್ನು ಮತ್ತೆ ಹೊರಡಿಸಲು ಅನುಮತಿಯಿತ್ತಿತು. ಇನ್ಫೋಸಿಸ್ ರಸೀದಿಯು ೨೦೧೨ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಸ್ಥಳಾಂತರಗೊಂಡಿತು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಒಂದು ರಸೀದಿ ಒಂದು ಷೇರಿಗೆ ಸಮವೆಂದೂ, ಷೇರಿನ ಬೆಲೆ ೧,೬೦೦ ರೂಪಾಯಿ, ಡಾಲರಿಗೆ ೮೦ ರೂಪಾಯಿ ಎಂದೂ ಭಾವಿಸೋಣ. ರಸೀದಿಯ ಬೆಲೆ ೨೦ ಡಾಲರಾಯಿತು. ಡಾಲರಿಗೆ ೧೦೦ ರೂಪಾಯಿಯಾದರೆ ಅದು ೧೬ಕ್ಕಿಳಿಯುತ್ತದೆ. ಕಂಪನಿಗೆ ಯಾವ ಕೇಡೂ ಆಗಿಲ್ಲ. ಭಾರತದಲ್ಲಿ ಷೇರಿನ ಬೆಲೆ ಕದಲಿಲ್ಲ. ಆದರೂ ಅಮೆರಿಕೆಯ ರಸೀದಿದಾರನಿಗೆ ಐದರಲ್ಲೊಂದು ಪಾಲು ನಷ್ಟ.

ಆದಕಾರಣ ರಸೀದಿಯ ಬೆಲೆಯನ್ನು ಕಂಡೊಡನೆ ಕಂಪನಿಯ ಯೋಗ್ಯತೆಯನ್ನು ನಿರ್ಣಯಿಸಲಾಗದು. ಒಂದು ರಸೀದಿಗೆ ಎಷ್ಟು ಷೇರು, ಡಾಲರಿಗೆ ಎಷ್ಟು ರೂಪಾಯಿ, ಕವಾಟ ಎಷ್ಟು ತೆರೆದಿದೆ ಎಂಬ ಮೂರನ್ನು ವಿಚಾರಿಸಿಯೇ ಬೆಲೆಯನ್ನು ಓದಬೇಕು.